ಹಂದರದ ಹೊಣೆ ಯಾರದು?

ಶರಣಧರ್ಮವು ಸಂಸಾರಕ್ಕೆ ಬೆನ್ನು ತಿರುಗಿಸಿದವರ ಧರ್ಮವಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ವಿರಕ್ತರಿಗೆ ಗೌರವವಿತ್ತು. ಆದರೆ ಗೃಹಸ್ಥನು ವಿರಕ್ತನಿಗಿಂತ ಒಂದು ಮೆಟ್ಟಿಲು ಕೆಳಗಿನವನೆಂದು ಅಲ್ಲಿ ಯಾರೂ ಎಣಿಸಲಿಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ, ಮೋಳಿಗೆಯ ಮಾರಯ್ಯ ಮಹಾದೇವಿ, ಹರಳಯ್ಯ ಕಲ್ಯಾಣಮ್ಮ ಇವರೆಲ್ಲರೂ ಮನೆ ಕಟ್ಟಿಕೊಂಡು, ಕಾಯಕ ಮಾಡಿ, ಬಂದ ಜಂಗಮಕ್ಕೆ ನೀಡಿ ಬದುಕಿದವರು. ಗಂಡಹೆಂಡಿರ ಮನಸ್ಸು ಎರಡು ದಿಕ್ಕಿಗೆ ಎಳೆಯುತ್ತಿರುವ ಮನೆಯಲ್ಲಿ ಪೂಜೆ ನಡೆದರೂ ಅದು ಶಿವನನ್ನು ಮುಟ್ಟದೆಂಬುದು ಅವರಿಗೂ ಹಿಂದಿನವರಾದ ಜೇಡರ ದಾಸಿಮಯ್ಯನವರ ವಚನವೊಂದರ ಭಾವ. ಹೀಗಿರುವಲ್ಲಿ ಮದುವೆಯೆಂಬುದು ಕೇವಲ ಲೋಕರೂಢಿಯ ಸಂಭ್ರಮವಲ್ಲ; ದಾಸೋಹಕ್ಕೆ ಹೊಸದೊಂದು ಮನೆಯನ್ನು ಹೂಡುವ ಕಾರ್ಯ. ಆ ಕಾರ್ಯವನ್ನು ಯಾರು ಮಾಡಬೇಕು, ಯಾವುದನ್ನು ಯಾರಿಂದ ಮಾಡಿಸಬಹುದು ಎಂಬ ವಿಚಾರವೂ ಧರ್ಮವಿಚಾರವೇ ಆಗುತ್ತದೆ.

ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಮದುವೆ ನಿಶ್ಚಯವಾದೊಡನೆ ಊರಿಗೆ ಊರೇ ಆ ಮನೆಯ ಕಡೆಗೆ ಮುಖಮಾಡುತ್ತಿತ್ತು. ಹಂದರಗಂಬವನ್ನು ನೆಡಲು ಅಣ್ಣತಮ್ಮಂದಿರು, ತೋರಣ ಕಟ್ಟಲು ಓಣಿಯ ಹುಡುಗರು, ಐರಾಣಿ ಗಡಿಗೆಗಳನ್ನು ತರಲು ಕುಂಬಾರ, ದಂಡೆ ಬಾಸಿಂಗಕ್ಕೆ ಹೂಗಾರ, ಮದುಮಗಳ ಕೈತುಂಬ ಬಳೆ ಇಡಿಸಲು ಬಳೆಗಾರ, ನಡೆಮಡಿ ಹಾಸಲು ಮಡಿವಾಳ, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೊಣೆ. ಹೆಂಗಸರು ಹದಿನೈದು ದಿನ ಮುಂಚಿತವಾಗಿಯೇ ಸೇರಿ ಅಕ್ಕಿ ಬೇಳೆ ಹಸನು ಮಾಡುವರು, ಶಾವಿಗೆ ಹೊಸೆಯುವರು. ಇದಾವುದೂ ಪುಕ್ಕಟೆಯಾಗಿ ನಡೆದುದಲ್ಲ. ಕಸುಬಿನವರಿಗೆ ಕಾಳುಕಡಿ, ಬಟ್ಟೆಬರೆ ಸಲ್ಲುತ್ತಿದ್ದವು. ಬಂಧುಗಳಿಗೆ ಮುಯ್ಯಿ ತೀರಿಸಬೇಕಾಗಿತ್ತು. ಇಂದು ಒಬ್ಬನ ಮನೆಯಲ್ಲಿ ದುಡಿದವನ ಮನೆಯಲ್ಲಿ ನಾಳೆ ಅವನು ದುಡಿಯಬೇಕು. ಈ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಬರೆದಿಟ್ಟ ಮನೆಗಳೂ ಇದ್ದವು, ಮನಸ್ಸಿನಲ್ಲಿಯೇ ಇಟ್ಟುಕೊಂಡವರೂ ಇದ್ದರು.

ಇಂದು ಆ ಕಟ್ಟು ಸಡಿಲಿದೆ. ಮಕ್ಕಳು ಬೆಂಗಳೂರು ಪುಣೆಗಳಲ್ಲಿ ದುಡಿಯುತ್ತಾರೆ; ಅವರಿಗೆ ದೊರೆಯುವ ರಜೆ ನಾಲ್ಕು ದಿನದ್ದು. ಸೋದರಮಾವನು ಒಂದು ಊರಿನಲ್ಲಿ, ಚಿಕ್ಕಪ್ಪನು ಇನ್ನೊಂದರಲ್ಲಿ. ಕಲ್ಯಾಣಮಂಟಪವು ಬಾಡಿಗೆಗೆ ದೊರೆಯುವುದು ಹಿಂದಿನ ದಿನದ ಸಂಜೆಯಿಂದ ಮರುದಿನದ ಸಂಜೆಯವರೆಗೆ. ಅಷ್ಟರೊಳಗೆ ಅಡಿಗೆಯವರು, ಹೂವಿನ ಅಲಂಕಾರದವರು, ವಾಲಗದವರು, ಛಾಯಾಚಿತ್ರದವರು, ವಿದ್ಯುದ್ದೀಪದವರು ಎಲ್ಲರೂ ಬಂದು ತಮ್ಮ ತಮ್ಮ ಕೆಲಸ ಮುಗಿಸಬೇಕು. ಇವರೆಲ್ಲರನ್ನೂ ಒಂದು ದಾರಕ್ಕೆ ಪೋಣಿಸುವ ಕೆಲಸವೇ ಒಂದು ಕಸುಬಾಗಿ ಬೆಳೆದಿದೆ. ಆ ಕಸುಬಿನವರನ್ನು ಜನರು ವೆಡ್ಡಿಂಗ್ ಪ್ಲಾನರ್ ಎನ್ನುತ್ತಾರೆ. ಮದುವೆಯ ವ್ಯವಸ್ಥೆಗಾರರು ಎನ್ನಬಹುದು. ಅವರನ್ನು ನೇಮಿಸಬೇಕೆ ಬೇಡವೆ ಎಂಬ ಚರ್ಚೆ ಈಗ ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲ, ಹಳ್ಳಿಯ ಪಡಸಾಲೆಗಳಲ್ಲಿಯೂ ನಡೆಯುತ್ತಿದೆ. ಇದನ್ನು ಹಳಿಯುವುದು ಸುಲಭ, ಕಣ್ಣುಮುಚ್ಚಿ ಒಪ್ಪುವುದು ಇನ್ನೂ ಸುಲಭ. ವಿವೇಚಿಸುವುದೇ ಕಷ್ಟ.

ಹಾವೇರಿ ಸೀಮೆಯ ಒಂದು ಊರಿನಲ್ಲಿ ನಡೆದ ಸಂಗತಿ ಈ ವಿವೇಚನೆಗೆ ಸಹಾಯಕವಾಗಬಲ್ಲುದು. ಆ ಊರಿನಲ್ಲಿ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಅವರಿಗೆ ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಉದ್ಯೋಗ. ಹುಬ್ಬಳ್ಳಿಯ ಸಂಬಂಧ ಕೂಡಿಬಂದಿತು. ಹುಡುಗನೂ ಅವನ ತಂದೆತಾಯಿಗಳೂ ಸಜ್ಜನರು, ವರದಕ್ಷಿಣೆಯ ಮಾತನ್ನು ಎತ್ತಿದವರಲ್ಲ. ಆದರೆ ನಿಶ್ಚಯದ ದಿನ ಹುಡುಗನ ಸೋದರಮಾವನು, "ಮದುವೆ ಚಂದಾಗಿ ಆಗಬೇಕು. ನಮಗೆ ಗೊತ್ತಿರುವ ವ್ಯವಸ್ಥೆಗಾರರಿದ್ದಾರೆ, ಅವರ ಕೈಗೆ ಕೊಟ್ಟರೆ ನೀವು ನಿಶ್ಚಿಂತರು" ಎಂದು ಹೇಳಿಹೋದನು. ಎಂಟು ದಿನದೊಳಗೆ ಅಂದಾಜುಪಟ್ಟಿ ಬಂದಿತು. ಒಟ್ಟು ವೆಚ್ಚ 15 ಲಕ್ಷ ರೂಪಾಯಿ. ವ್ಯವಸ್ಥೆಗಾರರ ಸಂಭಾವನೆ ಅದರ ಮೇಲೆ ಶೇಕಡಾ 12, ಎಂದರೆ 1,80,000 ರೂಪಾಯಿ. ಆ ಸೇವೆಗೆ ಸಲ್ಲುವ ಶೇಕಡಾ 18ರ ಜಿಎಸ್‌ಟಿ ತೆರಿಗೆ ಮತ್ತೆ 32,400.

ಮಾಸ್ತರರ ಬಳಿ ಇದ್ದ ಉಳಿತಾಯ 7 ಲಕ್ಷ. ಉಳಿದುದಕ್ಕೆ ಪಿತ್ರಾರ್ಜಿತವಾದ ಎರಡು ಎಕರೆ ಹೊಲವನ್ನು ಒತ್ತೆಯಿಡಬೇಕೆಂದು ಅವರು ಯಾರನ್ನೂ ಕೇಳದೆ ಮನಸ್ಸಿನಲ್ಲಿಯೇ ನಿರ್ಧರಿಸಿದ್ದರು. ಅದು ತಿಳಿದು ಅವರ ಪತ್ನಿ ಕಣ್ಣೀರಿಟ್ಟರು. "ಮನೆಯ ಮದುವೆಯನ್ನು ಕೂಲಿಯವರಿಂದ ಮಾಡಿಸುವುದೆ? ನನ್ನ ತವರಿನಲ್ಲಿ ಆರು ಮದುವೆಗಳಾದವು, ಒಂದಕ್ಕೂ ಹೊರಗಿನವರು ಬರಲಿಲ್ಲ" ಎಂಬುದು ಅವರ ವಾದ. ಮಗಳು ತಾಯಿಯ ಮಾತನ್ನು ಒಪ್ಪಲಿಲ್ಲ. ತಾಯಿಗೆ ಮೊಣಕಾಲಿನ ನೋವು. ಎರಡು ತಾಸು ನಿಂತರೆ ಮೂರು ದಿನ ಏಳಲಾರರು. "ಅವ್ವಾ, ನನ್ನ ಅಕ್ಕಿಕಾಳಿನ ಹೊತ್ತಿಗೆ ನೀನು ಉಗ್ರಾಣದಲ್ಲಿ ಇರುವುದಾದರೆ ನನಗೆ ಆ ಮದುವೆಯೇ ಬೇಡ. ವ್ಯವಸ್ಥೆ ಮಾಡುವವರೂ ದುಡಿದು ತಿನ್ನುವವರೇ ಅಲ್ಲವೆ? ಅದೂ ಒಂದು ಕಾಯಕವೇ" ಎಂದು ಅವಳು ವಾದಿಸಿದಳು. ಮನೆಯಲ್ಲಿ ಮಾತು ಬೆಳೆಯಿತು. ಕೊನೆಗೆ ಮಾತೇ ನಿಂತಿತು. ಮುಂದಿನ ಅಮಾವಾಸ್ಯೆಯಂದು ಮೂವರೂ ಮಠಕ್ಕೆ ಹೋಗಿ ಅಜ್ಜಾವರ ಮುಂದೆ ಕುಳಿತರು.

ಅಜ್ಜಾವರು ಮೂವರ ಮಾತನ್ನೂ ಪೂರ್ತಿಯಾಗಿ ಕೇಳಿದರು. ಮೊದಲು ತಾಯಿಯ ಕಡೆಗೆ ತಿರುಗಿ ಹೇಳಿದರು: "ತಾಯಿ, ನಿಮ್ಮ ತವರಿನ ಆರು ಮದುವೆಗಳಲ್ಲಿ ಹೊರಗಿನವರು ದುಡಿಯಲಿಲ್ಲವೆಂದು ಹೇಳಿದಿರಿ. ಗಡಿಗೆ ಮಾಡಿದವನು ಯಾರು? ವಾಲಗ ಊದಿದವನು ಯಾರು? ಅವರಿಗೆ ಕಾಳು ಅಳೆದುಕೊಟ್ಟಿರಿ, ಇವರಿಗೆ ರೂಪಾಯಿ ಎಣಿಸಿ ಕೊಡುವಿರಿ. ಕೂಲಿಯೆಂಬ ಶಬ್ದವನ್ನು ಹಗುರಾಗಿ ಆಡಬೇಡಿರಿ. ಸತ್ಯಶುದ್ಧವಾಗಿ ಮಾಡಿದ ಯಾವ ದುಡಿಮೆಯೂ ಶರಣರಿಗೆ ಕೀಳಾಗಿ ಕಾಣಲಿಲ್ಲ. ಹಗ್ಗ ಹೊಸೆದ ಚಂದಯ್ಯನೂ ದೋಣಿ ನಡೆಸಿದ ಚೌಡಯ್ಯನೂ ಬಟ್ಟೆ ಒಗೆದ ಮಾಚಯ್ಯನೂ ಅನುಭಾವಿಗಳ ಸಾಲಿನಲ್ಲಿ ಕುಳಿತರು. ಹತ್ತು ಕಸುಬಿನವರನ್ನು ಹೊತ್ತಿಗೆ ಸರಿಯಾಗಿ ಕೂಡಿಸುವುದೂ ಬುದ್ಧಿ ಬೆವರು ಎರಡನ್ನೂ ಬೇಡುವ ಕೆಲಸವೇ. ನೋಯುವ ಮೊಣಕಾಲಿನ ಮೇಲೆ ನಿಂತು ಉಗ್ರಾಣ ಕಾಯುವುದರಿಂದ ಶಿವನು ಮೆಚ್ಚುವನೆಂದು ತಿಳಿಯಬೇಡಿರಿ."

ಬಳಿಕ ಮಗಳ ಕಡೆಗೆ ನೋಡಿದರು: "ಮಗಳೆ, ನೀನು ಕಾಯಕವೆಂಬ ಮಾತನ್ನು ಸರಿಯಾಗಿಯೇ ನೆನೆದೆ. ಆದರೆ ಎಲ್ಲ ಸಂಪಾದನೆಯೂ ಕಾಯಕವಲ್ಲ. ಅದು ಶುದ್ಧವೆ ಎಂದು ಮೊದಲು ವಿಚಾರಿಸಬೇಕು. ಈ ಪಟ್ಟಿಯಲ್ಲಿ ಸಂಭಾವನೆ ಶೇಕಡಾ 12 ಎಂದಿದೆ. ವೆಚ್ಚ 15 ಲಕ್ಷವಾದರೆ 1,80,000. ವೆಚ್ಚ 20 ಲಕ್ಷಕ್ಕೆ ಏರಿದರೆ 2,40,000. ನಿಮ್ಮ ವೆಚ್ಚ ಹೆಚ್ಚಿದಂತೆಲ್ಲ ಅವರ ಲಾಭ ಹೆಚ್ಚುವುದಾದರೆ, ಇಲ್ಲಿ ಇಷ್ಟು ಹೂವು ಬೇಡ, ಈ ದೀಪಸಾಲು ಬೇಡ ಎಂದು ಅವರೇಕೆ ಹೇಳಿಯಾರು? ಹೇಳುವ ಪ್ರಾಮಾಣಿಕರೂ ಇದ್ದಾರೆ. ಆದರೆ ಒಪ್ಪಂದವು ಅವರ ಪ್ರಾಮಾಣಿಕತೆಗೆ ಎದುರಾಗಿ ನಿಂತಿರುತ್ತದೆ. ಮತ್ತೊಂದು ಮಾತು. ಅಡಿಗೆಯವರಿಂದಲೂ ಅಲಂಕಾರದವರಿಂದಲೂ ಅವರಿಗೆ ಬೇರೆ ದಲಾಲಿ ಬರುತ್ತದೆಯೆ? ಬಂದರೆ ಅದನ್ನು ನಿಮಗೆ ತಿಳಿಸುವರೆ? ಇದನ್ನು ನೇರವಾಗಿ ಕೇಳು. ಕೇಳಿದುದಕ್ಕೆ ಮುಖ ಗಂಟಿಕ್ಕುವವರ ಕೈಗೆ ಹಣ ಕೊಡಬೇಡ. ಬಿಚ್ಚಿ ಹೇಳುವವರ ದುಡಿಮೆಗೆ ತಲೆಬಾಗು."

ಮಗಳು, "ಹಾಗಾದರೆ ಬೇಡವೆಂದು ಹೇಳುತ್ತೀರಾ ಅಜ್ಜಾವರೆ?" ಎಂದು ಕೇಳಿದಳು. ಅಜ್ಜಾವರು ನಕ್ಕು ಒಂದು ಹಾಳೆಯನ್ನು ತರಿಸಿ ಅವಳ ಕೈಗೆ ಕೊಟ್ಟರು. "ಇದರ ಮೇಲೆ ಮೂರು ಪಟ್ಟಿ ಬರೆ. ಮನೆಯವರೇ ಮಾಡತಕ್ಕುದು ಒಂದು; ಪರರಿಂದ ಮಾಡಿಸಬಹುದಾದುದು ಎರಡು; ಮಾಡದೆ ಬಿಡಬಹುದಾದುದು ಮೂರು. ಇದನ್ನು ಬರೆದ ಮೇಲೆ ಉತ್ತರವು ತಾನೇ ಹೊರಬೀಳುತ್ತದೆ" ಎಂದರು.

ಈ ಮೂರು ಪಟ್ಟಿಗಳಲ್ಲಿ ಮೊದಲನೆಯದಕ್ಕೆ ಆಧಾರ ಬಸವಣ್ಣನವರ ಬೋಧೆಯಲ್ಲಿಯೇ ಇದೆ. ಒಬ್ಬನ ಹಸಿವೆಗಾಗಿ ಮತ್ತೊಬ್ಬನು ಉಣ್ಣಲಾರನೆಂಬುದು ಎಂಥವರಿಗೂ ಗೊತ್ತು. ಹಾಗಿರುವಾಗ ಒಬ್ಬನ ಲಿಂಗಪೂಜೆಯನ್ನು ಮತ್ತೊಬ್ಬನ ಕೈಯಿಂದ ಮಾಡಿಸಿ ಫಲವನ್ನು ತಾನು ಪಡೆಯುವೆನೆಂಬುದು ಎಂತಹ ಭ್ರಮೆಯೆಂದು ಅವರು ಎಚ್ಚರಿಸಿದ್ದಾರೆ. ಇಷ್ಟಲಿಂಗವು ಅಂಗೈಗೆ ಬಂದುದೇ ಆ ಕಾರಣಕ್ಕಾಗಿ. ದೇವರಿಗೂ ಭಕ್ತನಿಗೂ ನಡುವೆ ಗುತ್ತಿಗೆದಾರನು ನಿಲ್ಲಬಾರದೆಂದು. ಮದುವೆಯಲ್ಲಿಯೂ ಹಾಗೆಯೇ ಪರರ ಕೈಗೆ ಒಪ್ಪಿಸಲಾಗದ ಕೆಲವು ಇವೆ. ಗುರುವನ್ನು ಬಿನ್ನೈಸಿಕೊಂಡು ಬರುವುದು, ಹಿರಿಯರ ಮನೆಗೆ ಹೋಗಿ ಕರೆಯುವುದು, ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವುದು, ಪಂಕ್ತಿಯಲ್ಲಿ ಒಮ್ಮೆಯಾದರೂ ಸುತ್ತಿ ಕೇಳಿ ನೀಡುವುದು, ಮುನಿಸಿಕೊಂಡವರನ್ನು ಒಲಿಸಿ ತರುವುದು. ಬಣ್ಣದ ಪೇಟ ಸುತ್ತಿಕೊಂಡ ಅಪರಿಚಿತ ಯುವಕನು ಬಾಗಿಲಲ್ಲಿ ಪನ್ನೀರು ಚಿಮುಕಿಸಿದರೆ ಅತಿಥಿಗೆ ಪನ್ನೀರು ದೊರೆಯಿತು, ಸ್ವಾಗತ ದೊರೆಯಲಿಲ್ಲ.

ಎರಡನೆಯ ಪಟ್ಟಿಯೂ ಅಷ್ಟೇ ಉದ್ದವಾದುದು. ಮಂಟಪದ ಸ್ವಚ್ಛತೆ, ನೀರು, ವಿದ್ಯುತ್ತು ಹೋದರೆ ಜನರೇಟರು, ದೂರದಿಂದ ಬರುವವರಿಗೆ ವಾಹನ ಮತ್ತು ವಸತಿ, ಪಾತ್ರೆಪಗಡಿ, ಅಡಿಗೆಯವರ ಲೆಕ್ಕ, ಯಾವ ಹೊತ್ತಿಗೆ ಯಾರು ಬರಬೇಕೆಂಬ ವೇಳಾಪಟ್ಟಿ, ಉಳಿದ ಅನ್ನವನ್ನು ಅನಾಥಾಶ್ರಮಕ್ಕೋ ವಿದ್ಯಾರ್ಥಿನಿಲಯಕ್ಕೋ ಕೆಡುವ ಮೊದಲೇ ಮುಟ್ಟಿಸುವ ಏರ್ಪಾಡು. ಇವನ್ನು ಬಲ್ಲವರಿಗೆ ಒಪ್ಪಿಸಿದರೆ ದೋಷವೇನೂ ಇಲ್ಲ. ಮನೆಯವರ ತಲೆಯಿಂದ ಈ ಹೊರೆ ಇಳಿದರೆ ಮೊದಲನೆಯ ಪಟ್ಟಿಯ ಕೆಲಸಗಳಿಗೆ ಅವರ ಕೈಯೂ ಮನಸ್ಸೂ ಬಿಡುವಾಗುತ್ತವೆ. ವ್ಯವಸ್ಥೆಗಾರರನ್ನು ನೇಮಿಸಲು ಇರುವ ಒಳ್ಳೆಯ ಕಾರಣ ಇದೊಂದೇ. ತೋರಿಕೆಗಾಗಿ ನೇಮಿಸುವುದು ಬೇರೆ, ಬಿಡುವಿಗಾಗಿ ನೇಮಿಸುವುದು ಬೇರೆ.

ಮೂರನೆಯ ಪಟ್ಟಿಯನ್ನು ಬರೆಯುವಾಗಲೇ ಕೈ ತಡೆಯುತ್ತದೆ. ಯಾವುದನ್ನು ಬಿಟ್ಟರೂ ಜನರು ಏನೆಂದಾರು ಎಂಬ ಭೀತಿ. ಇಲ್ಲಿ 2020ನೆಯ ಇಸವಿಯನ್ನು ನೆನೆಯಬಹುದು. ಆ ವರ್ಷ ಕೊರೋನಾ ರೋಗದ ನಿಮಿತ್ತ ಸರಕಾರವು ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂದು ಕಟ್ಟಳೆ ಮಾಡಿತ್ತು. ಮನೆಯ ಅಂಗಳದಲ್ಲಿ, ಗುಡಿಯ ಕಟ್ಟೆಯ ಮೇಲೆ ಎಷ್ಟೋ ಮದುವೆಗಳಾದವು. ಆ ದಂಪತಿಗಳು ಇಂದು ಇತರರಿಗಿಂತ ಕಡಿಮೆ ದಂಪತಿಗಳೆಂದು ಯಾರಾದರೂ ಹೇಳಬಲ್ಲರೆ? ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದು ಬಂದಿವೆ. ಸುತ್ತೂರಿನ ಜಾತ್ರೆಯಲ್ಲಿಯೂ ನಡೆಯುತ್ತವೆ. ಅಲ್ಲಿ ಮಾಂಗಲ್ಯ ಕಟ್ಟಿಸಿಕೊಂಡವರ ಸಂಸಾರಗಳು ಅಲಂಕಾರದ ಕೊರತೆಯಿಂದ ಬಡವಾಗಲಿಲ್ಲ.

ಕಾನೂನಿನ ಮಾತು ಕೂಡ ಇದಕ್ಕೆ ಹತ್ತಿರವಾಗಿಯೇ ಇದೆ. 1955ರ ಹಿಂದೂ ವಿವಾಹ ಕಾಯಿದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ವಧು ಅಥವಾ ವರನ ಕಡೆಯ ಸಂಪ್ರದಾಯಕ್ಕನುಸಾರವಾದ ವಿಧಿಗಳಿಂದ ವಿವಾಹವು ನೆರವೇರಬೇಕೆಂದು ಅದರ 7ನೆಯ ಕಲಮು ಹೇಳುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನೇ ಎತ್ತಿಹೇಳಿತು. ಮದುವೆಯೆಂಬುದು ಹಾಡು ಕುಣಿತಗಳ, ತಿನ್ನುವ ಕುಡಿಯುವ ಸಮಾರಂಭವಲ್ಲ, ಒತ್ತಾಯದಿಂದ ಉಡುಗೊರೆ ವರದಕ್ಷಿಣೆಗಳನ್ನು ಪಡೆಯುವ ಸಂದರ್ಭವೂ ಅಲ್ಲ, ಅದೊಂದು ಸಂಸ್ಕಾರ ಎಂಬುದು ಆ ತೀರ್ಪಿನ ಸಾರ. ವಿಧಿ ನಡೆಯದೆ ನೋಂದಣಿಯ ಪತ್ರ ಮಾತ್ರ ಇದ್ದರೆ ಸಾಲದೆಂದೂ ಅದು ಸ್ಪಷ್ಟಪಡಿಸಿತು. ಗುರುವಿನ ಸನ್ನಿಧಿ, ಪಂಚಕಲಶಗಳ ಸ್ಥಾಪನೆ, ಮಾಂಗಲ್ಯಧಾರಣ, ಹಿರಿಯರ ಅಕ್ಷತೆ, ಇವು ಮದುವೆಯ ಪ್ರಾಣ. ಇವಕ್ಕೆ ತಗಲುವ ವೆಚ್ಚವನ್ನು ಕೂಡಿಸಿ ನೋಡಿದರೆ ಅದು ಬಡವನ ಶಕ್ತಿಗೂ ಮೀರಿದುದಲ್ಲ. ಉಳಿದುದೆಲ್ಲ ಒಡವೆ, ಪ್ರಾಣವಿರುವ ಮೈಗೆ ಒಡವೆ ಚೆಲುವು, ಆದರೆ ಒಡವೆಗಾಗಿ ಪ್ರಾಣವನ್ನು ಒತ್ತೆಯಿಡುವುದುಂಟೆ?

ಒತ್ತೆಯ ಮಾತು ಬಂದಾಗ ಅಜ್ಜಾವರು ಮಾಸ್ತರರ ಕಡೆಗೆ ತಿರುಗಿದರು. ಅವರು ಅದುವರೆಗೂ ತುಟಿ ಬಿಚ್ಚಿರಲಿಲ್ಲ. ಅಜ್ಜಾವರು ಅವರಿಗೆ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಹೇಳಿದರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಮನೆಯಲ್ಲಿ ಸಿರಿಯಿರಲಿಲ್ಲ, ಹೆಚ್ಚಾದ ಅಕ್ಕಿ ನಾಳೆಗೆ ಆಗಬಹುದಿತ್ತು. ಆದರೂ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಫಲವೆಂದು ತಿಳಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಚೆಲ್ಲಿ ಬರುವಂತೆ ಗಂಡನನ್ನು ಕಳುಹಿಸಿದರು. "ಮಾಸ್ತರರೆ, ಕೈಯಲ್ಲಿರುವ ಹೆಚ್ಚನ್ನೇ ಆ ತಾಯಿ ಹಿಂದಿರುಗಿಸಿದಳು. ನೀವು ಕೈಯಲ್ಲಿಲ್ಲದ ಹೆಚ್ಚನ್ನು ಸಾಲವಾಗಿ ತರಲು ಹೊರಟಿದ್ದೀರಿ. ಯಾರಿಗಾಗಿ?" ಎಂದು ಅಜ್ಜಾವರು ಕೇಳಿದರು.

"ಹುಡುಗನ ಕಡೆಯವರು ಹೇಳಿದ್ದಾರಲ್ಲ ಅಜ್ಜಾವರೆ" ಎಂದರು ಮಾಸ್ತರರು.

"ಹೇಳಿದವನು ಸೋದರಮಾವ ಒಬ್ಬನೇ. ಹುಡುಗನ ತಂದೆಯನ್ನು ಕೇಳಿದಿರಾ?"

"ಕೇಳಲಿಲ್ಲ."

ಅಜ್ಜಾವರು ತುಸುಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ನಿಮ್ಮ ತಮ್ಮನಿಗೆ ಹೇಳಿದಿರಾ?"

ಮಾಸ್ತರರು ತಲೆ ತಗ್ಗಿಸಿದರು. ಆ ಮನೆಯ ಸಂಗತಿ ಮಠಕ್ಕೆ ತಿಳಿಯದುದಲ್ಲ. ಹೊಲದ ಬದುವಿನ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ವ್ಯಾಜ್ಯವಾಗಿ ಏಳು ವರ್ಷಗಳಾಗಿದ್ದವು. ತಮ್ಮನು ಊರಿನಲ್ಲಿಯೇ ಇದ್ದನು. ಯಾರ ಮನೆಯ ಮದುವೆಯಾದರೂ ಹಂದರ ಹಾಕುವಲ್ಲಿಂದ ಪಾತ್ರೆ ತೊಳೆದು ಎಣಿಸಿ ಒಪ್ಪಿಸುವವರೆಗೆ ಮುಂದೆ ನಿಲ್ಲುತ್ತಿದ್ದವನು ಅವನೇ. ತಮ್ಮನ ಮಗಳ ಮದುವೆಗೆ ಮಾಸ್ತರರು ಹೋಗಿರಲಿಲ್ಲ. ಒಂದು ಲಕೋಟೆಯಲ್ಲಿ ಹಣವಿಟ್ಟು ಕಳುಹಿಸಿದ್ದರು. ಆ ಲಕೋಟೆ ಒಡೆಯದೆ ಹಿಂದಕ್ಕೆ ಬಂದಿತ್ತು. ಈಗ ಮಗಳ ಮದುವೆಗೆ ತಮ್ಮನ ಬಾಗಿಲಿಗೆ ಹೋಗುವುದಕ್ಕಿಂತ ಎರಡು ಎಕರೆಯನ್ನು ಒತ್ತೆಯಿಡುವುದು ಅವರಿಗೆ ಸುಲಭವಾಗಿ ಕಂಡಿತ್ತು. ವ್ಯವಸ್ಥೆಗಾರರು ಬಂದರೆ, ತಮ್ಮನೇಕೆ ಕಾಣಿಸುತ್ತಿಲ್ಲವೆಂದು ಯಾರೂ ಕೇಳಲಾರರು. ಎಲ್ಲ ಕೆಲಸಕ್ಕೂ ಒಬ್ಬೊಬ್ಬನು ಸಮವಸ್ತ್ರ ತೊಟ್ಟು ನಿಂತಿರುತ್ತಾನಲ್ಲ! ಪತ್ನಿಗೂ ಮಗಳಿಗೂ ಆ ಕ್ಷಣದಲ್ಲಿ ಮಾತ್ರ ಇದು ತಿಳಿಯಿತು.

ಅಜ್ಜಾವರ ದನಿ ಮೃದುವಾಯಿತು. "ಮಾಸ್ತರರೆ, ಹಣ ಕೊಟ್ಟರೆ ಕೆಲಸ ಮಾಡುವ ಕೈಗಳು ದೊರೆಯುತ್ತವೆ. ಅದರಲ್ಲಿ ತಪ್ಪಿಲ್ಲ. ಆದರೆ ಒಡಹುಟ್ಟಿದವನು ನಿಲ್ಲಬೇಕಾದ ಸ್ಥಳವನ್ನು ಮುಚ್ಚಲು ಆ ಕೈಗಳನ್ನು ತರುವುದಾದರೆ ಅದು ವ್ಯವಸ್ಥೆಯಲ್ಲ, ಮರೆ. ಕಲ್ಯಾಣದಲ್ಲಿ ಒಂದು ಮದುವೆಯಾಯಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ. ಸಮಗಾರರ ಮನೆಗೂ ಬ್ರಾಹ್ಮಣರ ಮನೆಗೂ ಬೀಗತನ. ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣವನ್ನೇ ತೆತ್ತರೆಂದು ಶರಣ ಪರಂಪರೆ ಹೇಳುತ್ತದೆ. ಎಂಟುನೂರು ವರ್ಷಗಳಿಂದ ಜನ ಆ ಮದುವೆಯನ್ನು ನೆನೆಯುತ್ತಾರೆ. ಅದರ ಹಂದರ ಎಷ್ಟು ಅಂಕಣದ್ದು, ಊಟಕ್ಕೆ ಎಷ್ಟು ಬಗೆ ಇತ್ತು ಎಂದು ಯಾರಾದರೂ ಕೇಳುತ್ತಾರೆಯೆ? ಎರಡು ಕುಲಗಳು ಕೂಡಿದುದೇ ಅದರ ಶೋಭೆ. ಅಷ್ಟು ದೂರದವರು ಕೂಡಿದ ಧರ್ಮದಲ್ಲಿ ಹುಟ್ಟಿ, ಒಂದೇ ತೊಟ್ಟಿಲಿನಲ್ಲಿ ಬೆಳೆದವರು ಒಂದು ಬದುವನ್ನು ದಾಟಲಾರಿರಾ?"

ಮಾಸ್ತರರು ಆ ದಿನ ಯಾವ ಉತ್ತರವನ್ನೂ ಕೊಡಲಿಲ್ಲ. ಮೂರು ದಿನಗಳು ಕಳೆದವು. ನಾಲ್ಕನೆಯ ದಿನ ಬೆಳಿಗ್ಗೆ ಲಿಂಗಪೂಜೆಯನ್ನು ಮುಗಿಸಿ, ಪತ್ನಿಯನ್ನು ಕರೆದುಕೊಂಡು ತಮ್ಮನ ಮನೆಗೆ ನಡೆದರು. ಆಮಂತ್ರಣಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ. ಕೈಯಲ್ಲಿ ಅಕ್ಕಿಕಾಳು ಮಾತ್ರ ಇತ್ತು. "ನಿನ್ನ ಮಗಳ ಮದುವೆಗೆ ನಾನು ಬರಲಿಲ್ಲ. ತಪ್ಪಾಯಿತು. ಇವಳ ಮದುವೆ ನಿನ್ನದು" ಎಂದರು. ತಮ್ಮನು ಕೂಡಲೆ ಅಪ್ಪಿಕೊಂಡನೆಂದೇನೂ ಇಲ್ಲ. ಬಹಳ ಹೊತ್ತು ಕಟ್ಟೆಯ ಮೇಲೆಯೇ ಕುಳಿತಿದ್ದನು. ಬಳಿಕ ಒಳಗಿನವರಿಗೆ ಚಹ ಮಾಡಲು ಹೇಳಿದನು. ಬದುವಿನ ಮಾತನ್ನು ಅಂದು ಇಬ್ಬರೂ ಎತ್ತಲಿಲ್ಲ. ಅದು ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಆದರೆ ಹಂದರಗಂಬವನ್ನು ನೆಡುವ ದಿನ ಹಾರೆಯನ್ನು ಹಿಡಿದು ಮೊದಲು ಬಂದವನು ಅವನೇ.

ಮಗಳು ತಾನೇ ಹುಡುಗನೊಡನೆ ಮಾತಾಡಿದಳು. ಹುಡುಗನ ತಂದೆಗೆ 15 ಲಕ್ಷದ ಪಟ್ಟಿಯ ವಿಷಯವೇ ತಿಳಿದಿರಲಿಲ್ಲ. ಕೇಳಿ ನಾಚಿದರು. "ವೆಚ್ಚ ಇಬ್ಬರದೂ ಸಮ, ಸಾಲ ಯಾರದೂ ಇಲ್ಲ" ಎಂದು ಹೇಳಿ ಕಳುಹಿಸಿದರು. ಒಟ್ಟು ವೆಚ್ಚಕ್ಕೆ 8 ಲಕ್ಷದ ಮಿತಿಯನ್ನು ಎರಡು ಮನೆಯವರೂ ಕೂಡಿ ಮೊದಲೇ ಗೊತ್ತುಪಡಿಸಿದರು. ಅದರಲ್ಲಿ ಮಾಸ್ತರರ ಪಾಲು 4 ಲಕ್ಷ. ಮೂರು ಪಟ್ಟಿಗಳ ಹಾಳೆಯನ್ನು ಮುಂದಿಟ್ಟುಕೊಂಡು ಹಾವೇರಿಯಲ್ಲಿಯೇ ಆ ಕಸುಬನ್ನು ಮಾಡುತ್ತಿದ್ದ ಹೆಣ್ಣುಮಗಳೊಬ್ಬಳನ್ನು ವಿಚಾರಿಸಿದರು. ಆಕೆಗೆ ಎರಡನೆಯ ಪಟ್ಟಿಯನ್ನು ಮಾತ್ರ ಒಪ್ಪಿಸಲಾಯಿತು. ಸಂಭಾವನೆ ಶೇಕಡಾವಾರು ಅಲ್ಲ, ಎರಡು ದಿನಗಳ ಮೇಲ್ವಿಚಾರಣೆಗೆ ನಿಗದಿಯಾದ 40,000 ರೂಪಾಯಿ, ತೆರಿಗೆ 7,200. ಯಾವ ಯಾವ ಕೆಲಸ, ಮುಂಗಡವೆಷ್ಟು, ಮದುವೆ ಮುಂದಕ್ಕೆ ಹೋದರೆ ಮುಂಗಡದ ಗತಿಯೇನು, ಅಡಿಗೆಯವರಿಗೂ ಹೂವಿನವರಿಗೂ ಹಣವನ್ನು ಯಾರು ಕೊಡಬೇಕು ಎಂಬುದೆಲ್ಲ ಬರವಣಿಗೆಯಲ್ಲಿ ಆಯಿತು. ದಲಾಲಿಯ ಪ್ರಶ್ನೆಯನ್ನು ಮಗಳು ಸಂಕೋಚಪಡದೆ ಕೇಳಿದಳು. ಆಕೆಯೂ ಸಂಕೋಚಪಡದೆ, "ಹೂವಿನವರು ಕೊಡುವುದುಂಟು. ಈ ಸಲ ಅದನ್ನು ನಿಮ್ಮ ಲೆಕ್ಕದಲ್ಲಿಯೇ ಕಳೆಯುತ್ತೇನೆ" ಎಂದಳು.

ಮದುವೆ ಊರಿನ ಕಲ್ಯಾಣಮಂಟಪದಲ್ಲಿ ನಡೆಯಿತು. ಬಾಗಿಲಲ್ಲಿ ಮಾಸ್ತರರೂ ತಮ್ಮನೂ ನಿಂತಿದ್ದರು. ಇಬ್ಬರ ನಡುವೆ ಮಾತು ಕಡಿಮೆಯೇ. ಆದರೆ ಬಂದವರಿಗೆ ಇಬ್ಬರೂ ಕೈಮುಗಿಯುತ್ತಿದ್ದರು. ಅಕ್ಕಿಕಾಳಿನ ಹೊತ್ತಿಗೆ ತಾಯಿ ಮಗಳ ಮಗ್ಗುಲಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಉಗ್ರಾಣದ ಕೀಲಿಕೈ ಅವರ ಸೊಂಟದಲ್ಲಿರಲಿಲ್ಲ. ವೇದಿಕೆ ಸಣ್ಣದಾಯಿತೆಂದು ಸೋದರಮಾವನು ಗೊಣಗಿದನು, ಊಟವಾದ ಮೇಲೆ ಸುಮ್ಮನಾದನು. ಎಲ್ಲ ಪಂಕ್ತಿಗಳೂ ಮುಗಿದ ಮೇಲೆ ತಾಯಿ ಆ ವ್ಯವಸ್ಥೆಗಾರ ಹೆಣ್ಣುಮಗಳನ್ನೂ ಅವಳ ನಾಲ್ಕು ಸಹಾಯಕರನ್ನೂ ಕರೆದು, ಎಲೆ ಹಾಕಿಸಿ, ತಾವೇ ಹೋಳಿಗೆ ತುಪ್ಪ ಬಡಿಸಿದರು. "ನನ್ನ ತವರಿನ ಮದುವೆಗಳಲ್ಲಿ ಹೀಗೆ ಕಡೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದವರು ಮನೆಯವರೇ" ಎಂದರು. ಕೂಲಿಯವರೆಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ.

ಈ ಸಂಗತಿಯಿಂದ ಪ್ರತಿಯೊಂದು ಮನೆಯೂ ತನಗೆ ಬೇಕಾದ ಬೆಳಕನ್ನು ಪಡೆಯಬಹುದು. ಎಲ್ಲರೂ ವ್ಯವಸ್ಥೆಗಾರರನ್ನು ನೇಮಿಸಬೇಕೆಂದಾಗಲಿ ಯಾರೂ ನೇಮಿಸಬಾರದೆಂದಾಗಲಿ ನಿಯಮವನ್ನು ಮಾಡಲಾಗದು. ಮನೆಯಲ್ಲಿ ದುಡಿಯುವ ಜನರಿದ್ದು, ಕಾರ್ಯ ಚಿಕ್ಕದಾಗಿದ್ದು, ಬಂಧುಗಳು ಒಮ್ಮನದಿಂದಿದ್ದರೆ ಆ ಹಣವು ದಾಸೋಹಕ್ಕೆ ಸಲ್ಲಲಿ. ಹಿರಿಯರು ಅಶಕ್ತರಾಗಿದ್ದು, ಮಕ್ಕಳು ದೂರವಿದ್ದು, ಬರುವವರು ನಾಲ್ಕು ಊರುಗಳಿಂದ ಬರುವುದಾದರೆ ಬಲ್ಲವರ ನೆರವನ್ನು ಪಡೆಯಲು ನಾಚಬೇಕಾದುದಿಲ್ಲ. ಆದರೆ ನಿರ್ಧರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವುಂಟು. ವೆಚ್ಚದ ಮಿತಿಯನ್ನು ಮೊದಲು ಗೊತ್ತುಮಾಡಿ ಅನಂತರ ಜನರನ್ನು ಹುಡುಕುತ್ತಿದ್ದೇವೆಯೊ, ಅಥವಾ ಜನರು ಹೇಳಿದಂತೆ ಮಿತಿಯನ್ನು ಹಿಗ್ಗಿಸುತ್ತಿದ್ದೇವೆಯೊ? ಈ ವೆಚ್ಚಕ್ಕಾಗಿ ಭೂಮಿಯೋ ಬಂಗಾರವೋ ಮತ್ತೊಬ್ಬರ ಕೈಸೇರುವುದೊ? ಕೆಲಸ ಮಾಡಿದವರಿಗೆ ಹೊತ್ತಿಗೆ ಸರಿಯಾಗಿ ಕೂಲಿಯೂ ಅನ್ನವೂ ಸಲ್ಲುವುವೊ? ಬೀಗರ ಬಾಯಿಗೆ ಹೆದರಿ ಮಾಡುತ್ತಿರುವುದೊ, ಬೀಗರೊಡನೆ ಬಾಯಿಬಿಟ್ಟು ಮಾತಾಡಿ ಮಾಡುತ್ತಿರುವುದೊ? ಕಡೆಯದಾಗಿ, ಈ ನೆರವು ಮನೆಯವರನ್ನು ಬಂಧುಗಳ ಹತ್ತಿರಕ್ಕೆ ತರುವುದೊ, ಅವರಿಂದ ಅಡಗಿಸುವುದೊ?

1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದಿತು. ವರದಕ್ಷಿಣೆಯನ್ನು ಕೇಳುವುದೂ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವಾಯಿತು. ಆದರೆ ಕೈಯಲ್ಲಿ ಹಣ ಕೇಳಲು ಅಂಜುವವರೂ ವೈಭವವನ್ನು ಕೇಳಲು ಅಂಜುವುದಿಲ್ಲ. ಹೆಣ್ಣಿನ ತಂದೆಯನ್ನು ಸಾಲಕ್ಕೆ ದೂಡುವ ಹಂದರವು ಹೆಸರನ್ನು ಬದಲಿಸಿದ ವರದಕ್ಷಿಣೆಯೇ ಸರಿ. ಕಾಯಿದೆಯ ಅಕ್ಷರಕ್ಕೆ ಅದು ಸಿಕ್ಕದಿರಬಹುದು. ಶರಣರ ತಕ್ಕಡಿಗೆ ಸಿಕ್ಕದೆ ಇರಲಾರದು. ಗಂಡಿನ ಕಡೆಯವರಾದ ಸದ್ಭಕ್ತರು ಇದನ್ನು ಮೊದಲು ಮನಗಾಣಬೇಕು. "ಇಷ್ಟು ಸಾಕು" ಎಂಬ ಮಾತು ಅವರ ಬಾಯಿಂದ ಹೊರಟರೆ ಅದಕ್ಕಿಂತ ಹಿರಿದಾದ ಉಡುಗೊರೆ ಸೊಸೆಯ ಮನೆಗೆ ಬೇರೊಂದಿಲ್ಲ.

ಮದುವೆಯ ಹಂದರವು ಎರಡು ದಿನದ್ದು. ಅದನ್ನು ಕಟ್ಟಲು ಯಾರ ಕೈಯಾದರೂ ಆದೀತು. ಆ ಹಂದರದ ಕೆಳಗೆ ಯಾರು ಯಾರು ಒಂದಾದರು, ಯಾವ ಮುನಿಸು ಕರಗಿತು, ಯಾವ ಹಸಿವು ತಣಿಯಿತು, ಯಾರ ದುಡಿಮೆಗೆ ಗೌರವ ಸಂದಿತು ಎಂಬುದು ಮಾತ್ರ ಆ ಮನೆಯವರ ಹೊಣೆ. ಅದನ್ನು ಹೊತ್ತವರ ಮನೆಯಲ್ಲಿ ಹೊಸ ದಂಪತಿಗಳ ಕಾಯಕ ದಾಸೋಹಗಳು ತಾವಾಗಿಯೇ ಬೆಳೆಯುತ್ತವೆ. ಗುರು ಲಿಂಗ ಜಂಗಮರ ಕೃಪೆಯು ಅಂತಹ ಮನೆಗಳ ಮೇಲೆ ಸದಾ ಇರಲಿ.